ಸತ್ತವರು ಅವರೆಕಾಯಿ ಸುಲಿಯುವಾಗ

ಮೊನ್ನೆ ಗುರುವಾರ ಸಂಜೆ ಏಳೂವರೆಗೆ ನಮ್ಮ ಮನೆ ಟಿವಿಯಲ್ಲಿ ಸತ್ತವರೊಬ್ಬರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

ತಮಾಷೆಗೆ ಹೇಳುತ್ತಿಲ್ಲ. ಅವರು ಆ ಧಾರಾವಾಹಿ ಮನೆಯ ದೊಡ್ಡಪ್ಪ. ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲಿಂದ ಉರುಳಿದರು. ಉರುಳುವುದಕ್ಕೇ ಎರಡು ದಿನ ತೆಗೆದುಕೊಂಡರು. ಸೋಮವಾರ ಮೇಲಿನ ಮೆಟ್ಟಿಲು, ಮಂಗಳವಾರ ಕೆಳಗಿನ ಮೆಟ್ಟಿಲು. ಬುಧವಾರ ಎಲ್ಲರೂ ಅತ್ತರು. ಶುಕ್ರವಾರ ಫೋಟೋಗೆ ಹಾರ ಬಿತ್ತು. ಮುಂದಿನ ವಾರ ತಿಥಿಯೂ ಆಯಿತು. ಎಲೆ ನೋಡಿ ನಮ್ಮತ್ತೆ, "ಇಷ್ಟು ದೊಡ್ಡ ಮನೆ, ಒಂದು ವಡೆ ಮಾಡಿಸಕ್ಕಾಗ್ಲಿಲ್ವಾ ಇವ್ರ ಕೈಲಿ?" ಎಂದು ಬೇಜಾರು ಮಾಡಿಕೊಂಡಿದ್ದರು. ಅಂಥ ಮನುಷ್ಯ ಈಗ ಹಜಾರದಲ್ಲಿ ಮೊರ ಇಟ್ಟುಕೊಂಡು ಕೂತಿದ್ದಾರೆ. ಸೊಸೆ ಬಂದು "ದೊಡ್ಡಪ್ಪ, ಕಾಫಿ ತರ್ಲಾ?" ಅನ್ನುತ್ತಾಳೆ. ಮನೆಯಲ್ಲಿ ಒಬ್ಬರಿಗೂ ಆಶ್ಚರ್ಯವಿಲ್ಲ. ಅವರ ತಲೆಯ ಹಿಂದೆ, ಗೋಡೆಯ ಮೇಲೆ, ಹಾರ ಹಾಕಿದ ಅವರದೇ ಫೋಟೋ ಹಾಗೇ ಇದೆ.

ಈ ಕಡೆ ನಾವೂ ಅವರೆಯ ಕೆಲಸದಲ್ಲೇ ಇದ್ದೆವು. ಈ ಕಾಲದಲ್ಲಿ ಹಾಸನದಲ್ಲಿ ಯಾವ ಮನೆಗೆ ಹೋದರೂ ಅದೇ. ನೆನೆಸಿದ ಕಾಳು ಪಾತ್ರೆಯಲ್ಲಿ, ಹಿದುಕಿದ ಬೇಳೆ ತಟ್ಟೆಯಲ್ಲಿ, ಸಿಪ್ಪೆ ಪೇಪರಿನ ಮೇಲೆ, ಕಣ್ಣು ಟಿವಿಯ ಮೇಲೆ. ನನಗಾದ ಗಾಬರಿಗೆ ಕೈಯಲ್ಲಿದ್ದ ಕಾಳು ಚಿಮ್ಮಿ ಹೋಗಿ ದೊಡ್ಡಪ್ಪನ ಹಣೆಗೇ ಬಡಿಯಿತು. ಅವರು ಕದಲಲಿಲ್ಲ.

"ಅತ್ತೆ, ಇವರು ಸತ್ತೋಗಿದ್ರಲ್ವಾ?"

ಅತ್ತೆ ತಲೆ ಎತ್ತಲಿಲ್ಲ. "ಆ ಕಾಯಲ್ಲಿ ಸೊಗಡೇ ಇಲ್ಲ ಕಣೆ. ನೋಡುದ್ರೇ ಗೊತ್ತಾಯ್ತದೆ. ಸಿಟಿ ಕಾಯಿ" ಎಂದರು.

ನಾನು ಮಂಗಳವಾರ, ಬುಧವಾರ ಊರಲ್ಲಿರಲಿಲ್ಲ. ನಾದಿನಿಯ ಗೃಹಪ್ರವೇಶಕ್ಕೆ ಬೇಲೂರಿಗೆ ಹೋಗಿದ್ದೆ. ಎರಡೇ ಎರಡು ಕಂತು ತಪ್ಪಿದ್ದು. ಏನೋ ನಡೆದಿರಬೇಕು ಅಂದುಕೊಂಡೆ. ಮಗ ಫೋನಿನಲ್ಲಿ ಹಳೇ ಕಂತು ನೋಡುವ ಆ್ಯಪ್ ಹಾಕಿಕೊಟ್ಟಿದ್ದಾನೆ. ರಾತ್ರಿ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು ಕೂತು ಎರಡೂ ನೋಡಿದೆ. ಮಂಗಳವಾರ ಪೂರ್ತಿ ಒಂದು ಆರತಿ ತಟ್ಟೆ ಕೈಜಾರಿ ಬೀಳುತ್ತದೆ. ಬುಧವಾರ ಅದನ್ನು ಬೀಳಿಸಿದ್ದು ಯಾರು ಅಂತ ವಿಚಾರಣೆ. ದೊಡ್ಡಪ್ಪನ ಸುದ್ದಿಯೇ ಇಲ್ಲ. ಗುರುವಾರ ಬಂದರು, ಕೂತರು, ಸುಲಿದರು. ಅಷ್ಟೇ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಲೆಕ್ಕದಲ್ಲಿ ಸ್ಟೆಪ್ ಬಿಟ್ಟು ಉತ್ತರ ಬರೆದವರಿಗೆ ಅರ್ಧ ಮಾರ್ಕ್ಸ್ ಕತ್ತರಿಸಿ ಅಭ್ಯಾಸ. ಇಲ್ಲಿ ಯಾರಿಗೆ ಕತ್ತರಿಸೋಣ?

ಇನ್ನು ನಮ್ಮತ್ತೆಯ ವಿಷಯ. ಅವರಿಗೆ ಎಪ್ಪತ್ತೆಂಟು. ಆಲೂರಿನ ಕಡೆಯವರು. ಕಿವಿ, ಕಣ್ಣು, ನಾಲಿಗೆ ಮೂರೂ ನನಗಿಂತ ಚುರುಕು. ಆರೂವರೆಗೆ ದೇವರಿಗೆ ದೀಪ ಹಚ್ಚಿ ಕೂತರೆ ಒಂಬತ್ತೂವರೆ ತನಕ ಏಳುವುದಿಲ್ಲ. ಜಾಹೀರಾತು ಬಂದ ಕೂಡಲೇ ರಿಮೋಟಿನಲ್ಲಿ ಪಕ್ಕದ ಚಾನೆಲ್ಲಿಗೆ ಹಾರುತ್ತಾರೆ. ಅಲ್ಲಿ ಜಾಹೀರಾತು ಬಂದರೆ ವಾಪಸ್. ಹೀಗೆ ಒಂದೇ ಕಾಲಕ್ಕೆ ಎರಡು ಕಥೆ, ಕೆಲವೊಮ್ಮೆ ಮೂರು. ನಮಗಾದರೆ ತಲೆ ಕೆಡುತ್ತೆ. ಅವರಿಗೆ ಕೆಡುವುದಿಲ್ಲ. ಯಾಕೆಂದರೆ ಅವರು ಅವನ್ನೆಲ್ಲ ಸೇರಿಸಿ ಒಂದೇ ಕಥೆ ಮಾಡಿಕೊಂಡಿದ್ದಾರೆ.

ಇದು ನನಗೆ ಗೊತ್ತಾಗಲು ವರ್ಷವೇ ಬೇಕಾಯಿತು. ಏಳು ಗಂಟೆಯ ಧಾರಾವಾಹಿಯ ಹುಡುಗಿಯ ಸರ ಕಳೆದರೆ ಎಂಟು ಗಂಟೆಯ ಧಾರಾವಾಹಿಯ ನಾದಿನಿಯ ಮೇಲೆ ಅವರಿಗೆ ಗುಮಾನಿ. "ಅವ್ಳು ಆ ಮನೆಯವಳೇ ಅಲ್ಲ ಅತ್ತೆ" ಅಂದರೆ, "ಹೋಗಿ ಬಂದು ಮಾಡ್ತಾಳೆ ಕಣೆ" ಅನ್ನುತ್ತಾರೆ. ಪಕ್ಕದ ಚಾನೆಲ್ಲಿನ ಡಾಕ್ಟರು ಈ ಚಾನೆಲ್ಲಿನ ಬಸುರಿಗೆ ತಪ್ಪು ಔಷಧಿ ಕೊಟ್ಟಿದ್ದಾನೆ ಅಂತ ಒಂದು ತಿಂಗಳು ಬೈದರು. ಆ ಡಾಕ್ಟರು ಮೂಳೆ ಡಾಕ್ಟರು. ಹಾಗಂತ ಹೇಳಿದೆ. "ಅದಕ್ಕೇ ಮತ್ತೆ ತಪ್ಪು ಔಷಧಿ ಕೊಟ್ಟಿದ್ದು!" ಎಂದರು.

ಗುರುವಾರ ರಾತ್ರಿಯೂ ಅದೇ ಆಯಿತು. ನಾನು ಬಿಡದೆ ಕೇಳಿದ್ದಕ್ಕೆ ತಟ್ಟೆ ಪಕ್ಕಕ್ಕಿಟ್ಟು ವಿವರಿಸಿದರು.

"ಹೇಳ್ತೀನಿ ಕೇಳು. ಸತ್ತಿದ್ದು ಇವನಲ್ಲ. ಇವನ ತಮ್ಮ. ಅವಳಿ ಜವಳಿ. ದುಬೈಲಿದ್ದ."

"ಯಾವ ತಮ್ಮ? ಇವರಿಗೆ ತಮ್ಮನೇ ಇಲ್ವಲ್ಲ ಅತ್ತೆ."

"ಇದ್ದ ಕಣೆ. ಸಣ್ಣೋನಿದ್ದಾಗ ಜಾತ್ರೇಲಿ ಕಳೆದೋಗಿದ್ದ. ಅವ್ನು ಆಸ್ತಿಗೆ ಅಂತ ಬಂದು, ಇವನ್ನ ಕಾಫಿ ಗೋಡೌನಲ್ಲಿ ಕೂಡಾಕಿ, ಇವನ ಪಂಚೆ ಉಟ್ಕೊಂಡು ಓಡಾಡ್ತಿದ್ದ. ದೇವ್ರು ನೋಡ್ಲಿಲ್ವಾ? ಮೆಟ್ಲಿಂದ ಬಿದ್ದ."

"ಮತ್ತೆ ಇವರನ್ನ ಗೋಡೌನಿಂದ ಬಿಡಿಸಿದ್ಯಾರು?"

"ಆ ಪೊಲೀಸ್ ಹುಡ್ಗಿ."

ಪೊಲೀಸ್ ಹುಡುಗಿ ಇರುವುದು ಎಂಟು ಗಂಟೆಯ ಧಾರಾವಾಹಿಯಲ್ಲಿ. ದುಬೈ ಇರುವುದು ಪಕ್ಕದ ಚಾನೆಲ್ಲಿನಲ್ಲಿ. ಕಾಫಿ ಗೋಡೌನು ಯಾವುದರಲ್ಲೂ ಇಲ್ಲ, ಅದು ನಮ್ಮ ಮಾವನವರ ಅಣ್ಣನ ಮನೆಯದು. ನನಗೆ ಇನ್ನೊಂದು ಅನುಮಾನ ಬಂತು.

"ಅತ್ತೆ, ಮಂಗಳವಾರ, ಬುಧವಾರ ನೀವು ನೋಡಿದ್ರಾ?"

"ಎಲ್ಲಿ ನೋಡೋದು. ರೀಚಾರ್ಜ್ ಮುಗ್ದಿತ್ತು. ನಿನ್ ಗಂಡ ಇವತ್ತು ಬೆಳಿಗ್ಗೆ ಹಾಕ್ಸಿದ್ದು."

ಎರಡು ದಿನ ಟಿವಿಯೇ ಇಲ್ಲದೆ ಅಷ್ಟು ಕಥೆ ಕಟ್ಟಿದ್ದರು. "ಹಾಗಾದ್ರೆ ಮನೆಯವರಿಗೆ ಯಾಕೆ ಆಶ್ಚರ್ಯ ಆಗಲಿಲ್ಲ?" ಅಂತ ಕೊನೆಯ ಬಾಣ ಬಿಟ್ಟೆ. "ಅವ್ರಿಗೆಲ್ಲ ಮೊದ್ಲೇ ಗೊತ್ತಿತ್ತು. ಗೊತ್ತಿಲ್ದೆ ಇರೋದು ನಿಂಗೊಬ್ಳಿಗೆ" ಎಂದು ತಟ್ಟೆ ಮತ್ತೆ ಎಳೆದುಕೊಂಡರು.

ಅಷ್ಟರಲ್ಲಿ ನಮ್ಮ ಯಜಮಾನರು ಬಂದರು. ಅವರು ಧಾರಾವಾಹಿ ನೋಡುವುದಿಲ್ಲ. ಬಾಗಿಲಲ್ಲಿ ನಿಂತುಕೊಳ್ಳುತ್ತಾರೆ, ಅಷ್ಟೇ. ನಿಂತು, "ಇದು ಯಾರು?" ಅಂತ ಕೇಳುತ್ತಾರೆ. ಹೇಳಿದರೆ "ಓಹೋ" ಅಂದು ಒಳಗೆ ಹೋಗುತ್ತಾರೆ. ಎರಡು ನಿಮಿಷಕ್ಕೆ ವಾಪಸ್ ಬಂದು ಅದೇ ಮನುಷ್ಯನನ್ನು ತೋರಿಸಿ "ಇದು ಯಾರು?" ನಾಲ್ಕು ವರ್ಷದಿಂದ ಹೀಗೇ ನಡೆದಿದೆ. ಅವತ್ತು ಮಾತ್ರ ನಾನು ಉತ್ತರ ಕೊಡಲಿಲ್ಲ.

ನನ್ನ ಲೆಕ್ಕದ ಬುದ್ಧಿ ಸುಮ್ಮನಿರುವುದಿಲ್ಲ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕಬಾರದು ಅಂತ ನಿಯಮ ಇದೆಯಂತೆ. ಅರ್ಧ ಗಂಟೆಗೆ 6 ಅಂತಿಟ್ಟುಕೊಳ್ಳಿ. ಉಳಿದದ್ದು 24. ಅದರಲ್ಲಿ ನಿನ್ನೆಯದು ಎರಡು ನಿಮಿಷ, ಶೀರ್ಷಿಕೆ ಹಾಡು ಒಂದು, ನಾಳೆಯದು ಒಂದು. ಉಳಿದ ಇಪ್ಪತ್ತರಲ್ಲಿ ಒಂದು ಕಪಾಳಮೋಕ್ಷ. ಹೊಡೆಯಲು ಕೈ ಎತ್ತಿದಾಗ ನಾನು ಹಾಲು ಒಲೆಗಿಟ್ಟೆ. ಹಾಲು ಉಕ್ಕಿತು, ಇಳಿಸಿದೆ, ಒಲೆ ಒರೆಸಿದೆ, ಬಂದೆ. ಕೈ ಇನ್ನೂ ಮೇಲೇ ಇತ್ತು. ಹನ್ನೊಂದು ಮುಖಗಳನ್ನು ಮೂರು ಮೂರು ಸಲ ತೋರಿಸಬೇಕಲ್ಲ, ಗುಡುಗು ಸಮೇತ. ಅಡುಗೆಯವಳ ಮುಖವೂ ಸೇರಿ. ಆರತಿ ತಟ್ಟೆಗೆ ಎರಡು ದಿನ ಕೊಡುವವರು, ಸತ್ತವರು ಎದ್ದು ಬಂದದ್ದಕ್ಕೆ ಎರಡು ನಿಮಿಷ ಕೊಡಬಾರದಾ?

ಕಾಲದ ಲೆಕ್ಕ ಕೇಳಲೇಬೇಡಿ. ಆ ಮನೆಯಲ್ಲಿ ಒಂದು ರಾತ್ರಿ ಅಂದರೆ ನಮಗೆ ಎರಡು ವಾರ. ಆದರೆ ಹಬ್ಬಗಳು ಮಾತ್ರ ನಮ್ಮ ಪಂಚಾಂಗದಂತೆಯೇ ಬರುತ್ತವೆ. ಹೋದ ವರ್ಷದ ಗೌರಿ ಹಬ್ಬಕ್ಕೆ ಒಬ್ಬಳು ಬಸುರಿ ಎಂದು ಗೊತ್ತಾಯಿತು. ಈ ವರ್ಷದ ಗೌರಿ ಹಬ್ಬಕ್ಕೆ ಅವಳೇ ಬಾಗಿನ ಕೊಟ್ಟಳು, ಇನ್ನೂ ಬಸುರಿಯಾಗಿಯೇ. ಸೀಮಂತ ಕೂಡ ಆಗಿರಲಿಲ್ಲ. ಮಧ್ಯೆ ಅವಳ ಗಂಡನ ಮುಖ ಬದಲಾಯಿತು. ಮೊದಲಿದ್ದವನು ಕಾರ್ ಹತ್ತಿ ಆಫೀಸಿಗೆ ಹೋದ, ಬೇರೆಯವನು ಇಳಿದು ಬಂದ. ಅವಳು "ಯಾಕೆ ಲೇಟು?" ಅಂತ ಕೇಳಿದಳು. ಅದನ್ನಾದರೂ ಕೇಳಿದಳಲ್ಲ ಅಂತ ಸಮಾಧಾನ.

ನಮ್ಮ ಪರಿಚಯದ ಹುಡುಗನೊಬ್ಬ ಬೆಂಗಳೂರಿನಲ್ಲಿ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಾನೆ. ಈ ಧಾರಾವಾಹಿಗಲ್ಲ, ಬೇರೆಯದಕ್ಕೆ. ನನ್ನ ಹತ್ತಿರ ಗಣಿತಕ್ಕೆ ಬರುತ್ತಿದ್ದವನು. ಶುಕ್ರವಾರ ತಡೆಯಲಾಗದೆ ಫೋನ್ ಮಾಡಿದೆ.

"ಮಿಸ್, ಅವರು ಸಿನಿಮಾ ಶೂಟಿಂಗಿಗೆ ಹೋಗಿರ್ತಾರೆ. ಡೇಟ್ಸ್ ಇಲ್ಲ ಅಂತ ಸಾಯಿಸಿರ್ತಾರೆ. ಈಗ ಡೇಟ್ಸ್ ಸಿಕ್ಕಿರತ್ತೆ."

"ಅದಕ್ಕೆ ಬದುಕಿಸಿಬಿಡೋದಾ? ಹೇಗೆ ಬದುಕಿದರು ಅಂತ ಹೇಳೋದು ಬೇಡ್ವಾ?"

"ಹೇಳ್ತಾರೆ ಮಿಸ್. ಹೇಗೆ ಅಂತ ಇನ್ನೂ ಡಿಸೈಡ್ ಆಗಿರಲ್ಲ ಅಷ್ಟೇ. ಕೆಲವು ಸಲ ಇವತ್ತು ಬರೆದದ್ದು ನಾಳೆ ಶೂಟ್ ಆಗಿ ನಾಡಿದ್ದು ಟಿವೀಲಿ ಬರತ್ತೆ. ಗುರುವಾರ ರೇಟಿಂಗ್ ಬಂದ್ಮೇಲೆ ಅರ್ಧ ಕಥೆನೇ ಬದಲಾಗತ್ತೆ."

ದೇಶದಲ್ಲಿ 55 ಸಾವಿರಕ್ಕೂ ಜಾಸ್ತಿ ಮನೆಗಳ ಟಿವಿಗೆ ಯಾವುದನ್ನು ಎಷ್ಟು ನೋಡುತ್ತಾರೆ ಅಂತ ಅಳೆಯುವ ಮೀಟರ್ ಕೂರಿಸಿದ್ದಾರೆ, ವಾರವಾರ ಗುರುವಾರ ಅದರ ಲೆಕ್ಕ ಬರುತ್ತದೆ ಅನ್ನುವುದನ್ನು ನಾನೂ ಕೇಳಿದ್ದೆ. ಆದರೆ ಆ ಲೆಕ್ಕದಲ್ಲಿ ಮನುಷ್ಯರ ಆಯಸ್ಸೂ ಸೇರಿದೆ ಅಂತ ಗೊತ್ತಿರಲಿಲ್ಲ. ನಮ್ಮ ಶಾಲೆಯಲ್ಲಿ ಯಾರಾದರೂ ಉತ್ತರಪತ್ರಿಕೆಯಲ್ಲಿ "ಉತ್ತರ 7. ಹೇಗೆ ಎಂದು ಮುಂದಿನ ಗುರುವಾರ ತಿಳಿಸುತ್ತೇನೆ" ಅಂತ ಬರೆದರೆ ಏನಾಗುತ್ತಿತ್ತು?

"ಬೇಜಾರ್ ಮಾಡ್ಕೋಬೇಡಿ ಮಿಸ್" ಎಂದ ಹುಡುಗ. ಅವನು ಗಣಿತದಲ್ಲಿ ಹುಷಾರಿದ್ದ. ಇಂಥ ಕೆಲಸಕ್ಕೆ ಹೇಗೆ ಹೋದ ಅಂತ ಅರ್ಥವಾಗಲಿಲ್ಲ.

ಧಾರಾವಾಹಿ ಬೇಡ, ಒಳ್ಳೆಯದು ನೋಡು ಅಂತ ಮಗ ಒಂದು ವೆಬ್ ಸರಣಿ ಹಾಕಿಕೊಟ್ಟಿದ್ದ. ಅದರ ಕಥೆ ಇನ್ನೊಂದು ಥರ. ಮೊದಲನೆಯದಾಗಿ ಏನೂ ಕಾಣುವುದಿಲ್ಲ. ಎಲ್ಲರೂ ಕತ್ತಲಲ್ಲೇ ವ್ಯವಹಾರ. ಯಜಮಾನರು ಟ್ಯೂಬ್‌ಲೈಟ್ ಆರಿಸಿದರು, ಕಿಟಕಿ ಪರದೆ ಎಳೆದರು, ಕೊನೆಗೆ ಟಿವಿ ಕೆಟ್ಟಿದೆ ಅಂತ ಅದರ ಬೆನ್ನಿಗೆ ಎರಡು ತಟ್ಟಿದರು. ಮಾತೂ ಪಿಸುಪಿಸು. ಸೌಂಡ್ ಜಾಸ್ತಿ ಮಾಡಿದರೆ ತಕ್ಷಣ ಬಂದೂಕು ಹಾರಿಸುತ್ತಾರೆ. ಅತ್ತೆ ಬೆಚ್ಚಿಬಿದ್ದು "ರಾಮ ರಾಮಾ" ಅನ್ನುತ್ತಾರೆ. ಕಥೆಯೋ, ಹಿಂದೆ ಹೋಗುತ್ತೆ, ಮುಂದೆ ಬರುತ್ತೆ. ಗಡ್ಡ ಇದ್ದರೆ ಈಗಿನದು, ಇಲ್ಲದಿದ್ದರೆ ಹಳೆಯದು ಅಂತ ಎರಡು ಕಂತು ಹೇಗೋ ನಿಭಾಯಿಸಿದೆ. ಮೂರನೆಯದರಲ್ಲಿ ಅವನು ಗಡ್ಡ ಬೋಳಿಸಿಕೊಂಡ. ನಾನು ಅಲ್ಲಿಗೇ ಬಿಟ್ಟೆ. "ಅಮ್ಮಾ, ಎರಡನೇ ಸಲ ನೋಡಿದ್ರೆ ಅರ್ಥ ಆಗತ್ತೆ" ಅಂದ ಮಗ. ಒಂದನೇ ಸಲಕ್ಕೇ ಅರ್ಥವಾಗಲಿ ಅಂತ ತಾನೇ ನಾವು ಮಾತಾಡುವುದು?

ಕಥೆ ಕಷ್ಟ ಇದ್ದರೆ ನಮಗೆ ತಿಳಿಯಲ್ಲ ಅಂತಲ್ಲ. ಬೇಲೂರಿಗೆ ಹೋದಾಗ ಮಾರನೇ ದಿನ ಮಕ್ಕಳನ್ನು ಕರೆದುಕೊಂಡು ಹಳೇಬೀಡಿಗೂ ಹೋಗಿದ್ದೆ. ಹದಿನಾರೇ ಕಿಲೋಮೀಟರು. ಹೊಯ್ಸಳೇಶ್ವರದ ಗೋಡೆ ನೋಡಿದ್ದೀರಲ್ಲ. ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ಕಥೆಯ ಸಾಲು. ರಾಮಾಯಣ, ಭಾರತ, ಭಾಗವತ. ಚಿಕ್ಕವಳಿದ್ದಾಗ ನಮ್ಮಜ್ಜಿ ನನ್ನ ಕೈ ಹಿಡಿದು ಅಲ್ಲಿ ಸುತ್ತು ಹಾಕಿಸುತ್ತಿದ್ದರು. ಓದು ಬಾರದವರು. ಕಲ್ಲಿನ ಮೇಲೆ ಬೆರಳಿಟ್ಟು "ಇವ್ನು ಭೀಮ, ಇವ್ನು ಅಭಿಮನ್ಯು, ನೋಡು ಹೆಂಗೆ ಸಿಕ್ಕಾಕ್ಕಂಡ" ಅನ್ನುತ್ತಿದ್ದರು. ಚಕ್ರವ್ಯೂಹದ ಹತ್ತಿರ ಬಂದರೆ ಪ್ರತಿ ಸಲ ಒಂದು ಗಳಿಗೆ ಸುಮ್ಮನಾಗಿಬಿಡುವರು. ಅಲ್ಲಿ ಒಂದು ಮಾತಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಒಂಬೈನೂರು ವರ್ಷವಾಗಿದೆ, ಮೂಗು ಕೈ ಮುರಿದಿವೆ. ಆದರೂ ಯಾರು ಯಾರು ಅಂತ ತಿಳಿಯುತ್ತೆ. ಬುಧವಾರ ನಾನೂ ಮಕ್ಕಳಿಗೆ ಬೆರಳು ಮಾಡಿ ತೋರಿಸಿದೆ. ಅಜ್ಜಿ ಸುಮ್ಮನಾಗುತ್ತಿದ್ದ ಜಾಗದಲ್ಲೇ ನನಗೂ ಮಾತು ನಿಂತಿತು. ಮಕ್ಕಳು "ಆಮೇಲೆ ಹೊರಗೆ ಬಂದ್ನಾ?" ಅಂತ ಕೇಳಿದವು.

ಅತ್ತೆಯೂ ಹಾಗೇ ಅಲ್ವಾ? ದೂರದರ್ಶನದಲ್ಲಿ 1988ರಿಂದ 1990ರ ವರೆಗೆ ಭಾನುವಾರ ಬೆಳಿಗ್ಗೆ ಮಹಾಭಾರತ ಬರುತ್ತಿತ್ತು. ಅವರ ಊರಿನಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಕೆಲಸ ಬೇಗ ಮುಗಿಸಿ, ಮಾವನವರ ಜೊತೆ ಹೋಗಿ ಜಗುಲಿಯಲ್ಲಿ ಕೂರುತ್ತಿದ್ದರಂತೆ. ಅವರಿಬ್ಬರೂ ಒಟ್ಟಿಗೆ ಎಲ್ಲಿಗಾದರೂ ಹೋಗುತ್ತಿದ್ದದ್ದು ಅದೊಂದಕ್ಕೇ. ಅದು ಹಿಂದಿಯಲ್ಲಿತ್ತು. ಅತ್ತೆಗೆ ಇವತ್ತಿಗೂ ಹಿಂದಿಯ ಒಂದಕ್ಷರ ಬರುವುದಿಲ್ಲ. ಆದರೂ ಒಂದು ದಿನ ಗೊಂದಲವಾಗಿಲ್ಲ. ಇಡೀ ಭಾರತ, ಹದಿನೆಂಟು ದಿನದ ಯುದ್ಧ ಸಮೇತ, 94 ಕಂತಿಗೆ ಮುಗಿಯಿತು. ನಮ್ಮ ಏಳೂವರೆಯದು ಒಂಬೈನೂರು ದಾಟಿದೆ. ಆಸ್ತಿ ಪತ್ರ ಇನ್ನೂ ಅಕ್ಕಿ ಡಬ್ಬದಲ್ಲೇ ಇದೆ. ಅಷ್ಟು ದಿನದಿಂದ ಆ ಮನೆಯಲ್ಲಿ ಯಾರೂ ಅನ್ನ ಮಾಡಿಲ್ಲವಾ ಅಂತ ನನ್ನ ಪ್ರಶ್ನೆ.

ಈ ಗೊಂದಲ ನಮ್ಮ ಮನೆಗೆ ಮಾತ್ರ ಸೀಮಿತ ಅಂದುಕೊಂಡಿದ್ದೆ. ಗುರುವಾರ ಮಧ್ಯಾಹ್ನ ಬೇಲೂರಿನಿಂದ ವಾಪಸ್ ಬರುವ ಬಸ್ಸಿನಲ್ಲಿ ಆ ಭ್ರಮೆಯೂ ಹೋಗಿತ್ತು. ಪಕ್ಕದಲ್ಲಿ ಒಬ್ಬರು, ಮುಂದಿನ ಸೀಟಿನಲ್ಲಿ ಒಬ್ಬರು, ಇಬ್ಬರೂ ಜೋರು ಚರ್ಚೆ. "ಆ ಹುಡುಗಿ ಬಾಯಿ ಬಿಟ್ಟು ಹೇಳ್ಬಾರ್ದಾ?" "ಅವಳತ್ತೆ ಬಿಡಬೇಕಲ್ಲ!" "ಎಲ್ಲಾ ಆ ನಾದಿನಿ ಮಾಡ್ತಿರೋದು." ನನಗೆ ತಡೆಯಲಾಗಲಿಲ್ಲ. ನಾನೂ ಸೇರಿಕೊಂಡೆ. ಪತ್ರ ಮುಚ್ಚಿಟ್ಟದ್ದು ತಪ್ಪು ಅಂದೆ, ಇಬ್ಬರೂ ಒಪ್ಪಿದರು. ಗಂಡನಿಗೆ ಬುದ್ಧಿಯಿಲ್ಲ ಎಂದರು, ನಾನು ಒಪ್ಪಿದೆ. ಊರುಗಳು ಹಿಂದೆ ಹೋದವು. ಹಗರೆ ಹತ್ತಿರ ಬಂದಾಗ ಮುಂದಿನ ಸೀಟಿನವರು, "ಆದ್ರೂ ಆ ಹುಡುಗಿ ಹಳ್ಳಿಯವಳಾಗಿ ಬ್ಯಾಂಕ್ ಮ್ಯಾನೇಜರ್ ಆದಳಲ್ಲ, ಅದು ಮೆಚ್ಚಬೇಕು" ಎಂದರು. ಪಕ್ಕದವರು ತಿರುಗಿ ನೋಡಿದರು. "ಬ್ಯಾಂಕ್ ಮ್ಯಾನೇಜರ್ರಾ? ಅವಳು ಹೂ ಮಾರ್ತಾಳಲ್ಲ?" ನನ್ನ ಹುಡುಗಿ ಡಾಕ್ಟರು ಓದುತ್ತಿದ್ದವಳು. ಮೂವರದೂ ಮೂರು ಧಾರಾವಾಹಿ. ಅರ್ಧ ದಾರಿ ಯಾರೂ ಒಂದು ಹೆಸರು ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಒಂದು ಗಳಿಗೆ ಮೂವರೂ ಸುಮ್ಮನಾದೆವು. ಆಮೇಲೆ ಪಕ್ಕದವರು, "ಇರ್ಲಿ ಬಿಡಿ, ಆ ನಾದಿನಿ ಮಾತ್ರ ಸರಿಯಿಲ್ಲ" ಎಂದರು. ಹಾಸನದ ಬಸ್ ಸ್ಟ್ಯಾಂಡ್ ಬರುವ ತನಕ ಮುಂದುವರಿಸಿದೆವು.

ಶುಕ್ರವಾರ ದೊಡ್ಡಪ್ಪ ಪೇಪರ್ ಓದಿದರು. ವಿವರಣೆ ಇಲ್ಲ. ಶನಿವಾರ, ಭಾನುವಾರ ಧಾರಾವಾಹಿ ಇರುವುದಿಲ್ಲ. ನಾನು ಎರಡು ದಿನ ಉತ್ತರಪತ್ರಿಕೆ ತಿದ್ದಿದೆ. ಸ್ವಲ್ಪ ಬಿಗಿಯಾಗಿಯೇ ತಿದ್ದಿದೆ ಅನ್ನಿಸುತ್ತೆ, ಮಕ್ಕಳ ಗ್ರಹಚಾರ.

ಸೋಮವಾರ ಏಳೂವರೆ. ಮತ್ತೆ ಹಿದುಕಲು ಕೂತಿದ್ದೆವು. ತೆರೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಮಹಾಸಂಗಮ' ಅಂತ ಬಂತು. ಏಳೂವರೆಯದೂ ಎಂಟರದೂ ಕೂಡಿಸಿ ಒಂದು ಗಂಟೆ. ಮನೆಯ ಬಾಗಿಲಲ್ಲಿ ಜೀಪ್ ನಿಂತಿತು. ಬೂಟುಗಾಲು ಇಳಿಯಿತು. ಪೊಲೀಸ್ ಹುಡುಗಿ. ನೆಟ್ಟಗೆ ಒಳಗೆ ಬಂದಳು. ಹನ್ನೊಂದು ಮುಖ, ಮೂರು ಮೂರು ಸಲ.

"ಮೆಟ್ಟಿಲಿಂದ ಬಿದ್ದು ಸತ್ತಿದ್ದು ಇವರಲ್ಲ" ಎಂದಳು. "ಇವರ ಅವಳಿ ತಮ್ಮ."

ಗುಡುಗು.

ನಾನು ಅತ್ತೆಯ ಕಡೆ ತಿರುಗಿದೆ. ಅವರು ನನ್ನ ಕಡೆ ನೋಡಲೂ ಇಲ್ಲ. ದೊಡ್ಡಪ್ಪನನ್ನು ಕೂಡಿಹಾಕಿದ್ದ ಜಾಗ ತೋರಿಸಿದಾಗ ಮಾತ್ರ ಸ್ವಲ್ಪ ಬಗ್ಗಿ ನೋಡಿದರು. ಯಾವುದೋ ಹಳೇ ಬಂಗಲೆ.

"ಗೋಡೌನಲ್ಲ ಅಂತ ಕಾಣ್ತದೆ" ಎಂದರು. "ಕಾಳು ಹಿದುಕು ಮಗ, ಕೈ ನಿಂತೋಯ್ತು ನಿಂದು."

ಬಾಗಿಲಲ್ಲಿ ಯಜಮಾನರು ಬಂದು ನಿಂತಿದ್ದರು. ಗೋಡೆಯ ಮೇಲಿನ ಹಾರದ ಫೋಟೋ ನೋಡಿದರು, ಕೆಳಗೆ ಕೂತ ದೊಡ್ಡಪ್ಪನನ್ನು ನೋಡಿದರು.

"ಫೋಟೋದಲ್ಲಿರೋದು ಯಾರು?"

"ತಮ್ಮ ಕಣೋ" ಎಂದರು ಅತ್ತೆ. "ಅವತ್ತಿಂದ ಅಲ್ಲೇ ಹಾಕವ್ರೆ. ನಿನ್ ಹೆಂಡ್ತಿ ಒಬ್ಳೇ ನಂಬ್ಲಿಲ್ಲ."